ಗಾಜಿನ ಕೋಣೆಯಲ್ಲಿ ಕೂತವಳು

"ಜಡೆ ಬಿಚ್ಚೇ," ಅಂದ ಮೇಸ್ತ್ರಿ ರೊಹೇಲಿಯೊ. "ನಿಮ್ಮೂರ ಹೆಂಗಸ್ರು ಜಡೆಯೊಳಗೆ ಕೋಳಿ ಬೇಕಾದ್ರೂ ಕದ್ದೊಯ್ತೀರ."

ಸೆನಾಯ್ದಾ ಜಡೆ ಬಿಚ್ಚಿದಳು. ಬಾಗಿಲ ಬಳಿ ಸಾಲಾಗಿ ನಿಂತಿದ್ದ ಹೆಂಗಸರು ನೆಲ ನೋಡಿದರು. ಬೆಳಗಿನಿಂದ ಗಾಂಜಾ ಹೂವಿನ ಸುತ್ತಲ ಎಲೆ ಕತ್ತರಿಸಿ ಕತ್ತರಿಸಿ ಎಲ್ಲರ ಬೆರಳಿಗೂ ಕಪ್ಪು ಅಂಟು ಹಿಡಿದಿತ್ತು. ಆ ಬೆರಳಲ್ಲಿ ಜಡೆ ಬಿಡಿಸಿದರೆ ಕೂದಲು ಕಿತ್ತೇ ಬರುತ್ತಿತ್ತು. ರೊಹೇಲಿಯೊ ಕೈಗವಸು ತೊಟ್ಟು ಅವಳ ತಲೆಯೊಳಗೆ ಬೆರಳಾಡಿಸಿದ, ಕಿವಿಯ ಹಿಂದೆ ನೋಡಿದ, ಬಾಯಿ ತೆಗೆಸಿದ.

"ಹಲ್ಲೇ ಇಲ್ವಲ್ಲ ನಿಂಗೆ. ಹೋಗು."

ಹಿಂದೆ ನಿಂತಿದ್ದ ಎಲೋಯ್ನಾ ಕೆಮ್ಮಿನ ನಡುವೆಯೇ ಕೇಳಿದಳು: "ನಿನ್ ಹೆಂಡ್ರ ಬಾಯೂ ದಿನಾ ಹಿಂಗೇ ತೆಗ್ಸಿ ನೋಡ್ತೀಯೇನಣ್ಣ?"

ಯಾರೋ ಕಿಸಕ್ಕೆಂದರು. ರೊಹೇಲಿಯೊ ನಗಲಿಲ್ಲ. ಅವತ್ತು ಎಲೋಯ್ನಾಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡ.

ಗಡಿ ದಾಟಿ ಬಂದ ಕೂಲಿಗಳೇ ದುಡಿಯುವ ಸಲಿನಾಸ್ ಕಣಿವೆಯ ಆ ಗಾಜಿನ ಮನೆಗಳಲ್ಲಿ ಹಿಂದೆ ಸೇವಂತಿಗೆ ಬೆಳೆಯುತ್ತಿದ್ದರು. ಸೆನಾಯ್ದಾ ಆಗಲೂ ಅಲ್ಲೇ ಹೂ ಕೊಯ್ದವಳು. ಕಾನೂನು ಬದಲಾಯಿತು, ಧಣಿ ಬದಲಾದ, ಸೇವಂತಿಗೆ ಹೋಗಿ ಗಾಂಜಾ ಬಂತು. ಇದೇ ಸೊಪ್ಪು ಜೇಬಲ್ಲಿ ಒಂದು ಹಿಡಿ ಸಿಕ್ಕಿದ್ದಕ್ಕೆ ಅವಳ ತಮ್ಮನನ್ನು ಜೈಲಿಗೆ ಹಾಕಿ, ಆಮೇಲೆ ಗಡಿ ದಾಟಿಸಿ ಊರಿಗೆ ಅಟ್ಟಿದ್ದರು. ಈಗ ಹೊಸ ಧಣಿ ಅದೇ ಸೊಪ್ಪು ಹಿಡಿದುಕೊಂಡು ಹೆದ್ದಾರಿಯ ದೊಡ್ಡ ಫಲಕದಲ್ಲಿ ನಗುತ್ತಿದ್ದ.

ಒಣಸೊಪ್ಪು ಅರೆಯುವ ಯಂತ್ರದ ಧೂಳು ದಿನವಿಡೀ ಹೆಂಗಸರು ಕೂತು ಎಲೆ ಕತ್ತರಿಸುವ ಕೊಟ್ಟಿಗೆಯೊಳಗೆ ಆಡುತ್ತಿತ್ತು. ಆ ಚಳಿಗಾಲದಲ್ಲಿ ಎಲೋಯ್ನಾಳ ಎದೆ ಸಿಳ್ಳೆ ಹೊಡೆಯತೊಡಗಿತು. ಮೂಗಿಗೆ ಕಟ್ಟಿಕೊಳ್ಳಲು ಒಳ್ಳೆಯದೇನಾದರೂ ಕೊಡಿ ಎಂದು ಕೇಳಿದ್ದಕ್ಕೆ ರೊಹೇಲಿಯೊ, "ಪುಕ್ಸಟ್ಟೆ ನಶೆ ಸಿಗ್ತೈತೆ, ಬಾಯ್ ಮುಚ್ಕೊಂಡು ಎಳ್ಕೊ," ಅಂದಿದ್ದ. ಮರುವಾರವೇ ಎಲೋಯ್ನಾ ಪೇಟೆಗೆ ಹೋಗಿ ಯೂನಿಯನ್ನಿನವರನ್ನು ಕಂಡು ಬಂದಳು.

ಸಭೆ ಸೇರಿದ್ದು ಭಾನುವಾರ, ಜೊತೆ ಕೆಲಸದ ಮುದುಕ ಫೌಸ್ತೀನೊನ ಹಿತ್ತಲಲ್ಲಿ. ಕೇಳಿದವರಿಗೆ ಮೊಮ್ಮಗಳಿಗೆ ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನದ ಊಟ ಎಂದು ಹೇಳುವುದು. ಆಡಿನ ಮಾಂಸ ಬೆಂದಿತ್ತು, ಹೆಸರಿಗೆ ಸಂಗೀತವೂ ಇತ್ತು. ಪೇಟೆಯಿಂದ ಬಂದ ಯೂನಿಯನ್ ಹೆಂಗಸು ಮಗುವನ್ನು ಎತ್ತಿಕೊಂಡೇ ಮಾತಾಡಿದಳು. ಯೂನಿಯನ್ ಬೇಕೆಂಬ ಚೀಟಿಗೆ ಸಹಿ ಹಾಕುವ ಹೊತ್ತು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಲೆಟ್ಯೂಸ್ ಹೊಲದಾಗಿದ್ದಾಗ್ಲೂ ಹಿಂಗೇ ಸೇರಿದ್ವಿ," ಅಂದ ಫೌಸ್ತೀನೊ. "ಬೆಳಕರಿಯೋದ್ರೊಳಗೆ ಧಣಿ ಕಿವಿಗೆ ಬಿದ್ದಿತ್ತು. ಊದಿದೋನು ಪರದೇಶಿ ಏನಲ್ಲ, ನಮ್ ಜೊತೆ ಉಂಡೋನೇ."

"ಈಗ್ಯಾಕಣ್ಣ ಆ ಮಾತು," ಅಂದಳು ಸೆನಾಯ್ದಾ.

"ಉಣ್ತಾ ಇರೋರ್ನ ನೋಡ್ದೆ, ನೆಪ್ಪಾಯ್ತು."

ಕೊಟ್ಟಿಗೆಗೆ ಹೊಸಬನೊಬ್ಬ ಬಂದದ್ದು ಅದಾದ ಕೆಲವೇ ದಿನಕ್ಕೆ. ಹೆಸರು ಗಿಲ್ಬೆರ್ತೊ. ಯೂನಿಯನ್ ಕಟ್ಟದ ಹಾಗೆ ಮಾಡುವುದೇ ಅವನ ಕಸುಬು, ಅದಕ್ಕೆಂದೇ ಕಂಪನಿ ಅವನನ್ನು ಕರೆಸಿತ್ತು. ಇಸ್ತ್ರಿ ಅಂಗಿ, ಹೊಳೆಯುವ ಬೂಟು. ಮಾತು ಮಾತ್ರ ಇವರದೇ. ಇವರ ಸೀಮೆ ವಹಾಕಾದ ಗುಡ್ಡಗಾಡಿನ ನುಡಿಯಲ್ಲೂ ನಾಲ್ಕು ಮಾತು ಕಲಿತಿದ್ದ. ಕೊಟ್ಟಿಗೆಯ ತುದಿಯಲ್ಲಿ ಗಾಜಿನ ಗೋಡೆಯ ಕೋಣೆಯೊಂದಿತ್ತು. ಅಲ್ಲಿ ಕೂತು ಮೊದಲು ಕರೆಸಿದ್ದು ಸೆನಾಯ್ದಾಳನ್ನು.

"ಬಾ ಅಕ್ಕ, ಕೂತ್ಕೋ. ಸೊಂಟ ನೋಯ್ತಿರ್ಬೇಕು."

ಕಾಫಿ ಕೊಟ್ಟ. ಸಕ್ಕರೆ ಮೆತ್ತಿದ ರೊಟ್ಟಿ ಕೊಟ್ಟ. ಯಾವ ಊರು ಅಂದ, ತಾಯಿ ಇದ್ದಾರಾ ಅಂದ, ಊರಲ್ಲಿ ಮಳೆ ಹೇಗೆ ಅಂದ. ಯೂನಿಯನ್ನಿನ ಸುದ್ದಿ ಎತ್ತಿದರೆ ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಅವನು ಎತ್ತಲೇ ಇಲ್ಲ.

"ಭಾನುವಾರ ಜ್ಞಾನಸ್ನಾನದ ಊಟ ಚೆನ್ನಾಗಾಯ್ತಂತೆ?"

"ಚೆನ್ನಾಗಾಯ್ತು," ಅಂದುಬಿಟ್ಟಳು. ಇವನಿಗೆ ಹೇಳಿದವರು ಯಾರು?

ಗಿಲ್ಬೆರ್ತೊ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕ. ಅವಳು ಹೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಎದ್ದು ಬಂದು ಅವಳ ಹೆಗಲು ತಟ್ಟಿದ. ಏನು ಮಾಡಬೇಕೋ ತೋಚದೆ ಅವಳೂ ನಕ್ಕಳು. ಆಗ ಕಣ್ಣು ಗಾಜಿನ ಆಚೆ ಹೋಯಿತು. ಕತ್ತರಿಗಳೆಲ್ಲ ನಿಂತಿದ್ದವು. ಇಡೀ ಕೊಟ್ಟಿಗೆ ಅವಳನ್ನೇ ನೋಡುತ್ತಿತ್ತು.

ಮಾರನೆಯ ದಿನ ಎಲೋಯ್ನಾಳ ಕೋಟಿನ ಜೇಬಿನಿಂದ ರೊಹೇಲಿಯೊ ಒಂದು ಗಾಂಜಾ ಹೂ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಅದು ನಂದಲ್ಲ."

"ಕಳ್ಳಿ. ಮೊನ್ನೆ ನನ್ ಹೆಂಡ್ರ ಬಾಯಿಗೆ ಹೋಗಿದ್ದೆ ಅಲ್ವೇನೇ? ನಡಿ ಆಚೆ."

"ಸೂಳೆಮಗನೆ, ನೀನೇ ಇಟ್ಟಿದ್ದೀಯ."

ಅವಳ ಪರವಾಗಿ ಎದ್ದುನಿಂತ ಇಬ್ಬರು ಹೆಂಗಸರನ್ನೂ ಸೇರಿಸಿಯೇ ಗೇಟಿನಾಚೆ ದಬ್ಬಿದರು. ಆ ಮೂವರೇ ಮನೆ ಮನೆ ತಿರುಗಿ ಸಹಿ ಹಾಕಿಸಿದವರು. ಎಲೋಯ್ನಾಳ ಕೋಟಿನ ಪಕ್ಕದ ಗೂಟಕ್ಕೆ ನೇತುಹಾಕಿದ್ದು ಸೆನಾಯ್ದಾಳ ಕೋಟು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನೋಡಿದರು ಅಷ್ಟೆ.

ಊಟದ ಹೊತ್ತು ಕಳೆದ ಮೇಲೆ ಸೆನಾಯ್ದಾಳನ್ನು ಪೊಟ್ಟಣ ಕಟ್ಟುವ ಕೋಣೆಗೆ ಹಾಕಿದರು. ಅಲ್ಲಿ ಧೂಳಿರಲಿಲ್ಲ. ಕೂರಲು ಒರಗುವ ಕುರ್ಚಿಯಿತ್ತು.

"ನಂಗ್ ಬ್ಯಾಡ. ನಾ ಇಲ್ಲೇ ಇರ್ತೀನಿ," ಅಂದಳು.

"ಮೇಲಿನೋರು ಹೇಳವ್ರೆ," ಅಂದ ರೊಹೇಲಿಯೊ, ಎಲ್ಲರಿಗೂ ಕೇಳುವಂತೆ. "ನಿನ್ ಕೆಲ್ಸ ಅವ್ರಿಗೆ ಭಾಳ ಹಿಡಿಸೈತೆ."

ಅಂದಿನಿಂದ ಅವಳು ಕೈತೊಳೆಯಲು ಹೋದರೆ ಅಲ್ಲಿದ್ದ ಮಾತು ನಿಲ್ಲುತ್ತಿತ್ತು. ಬುತ್ತಿ ಬಿಚ್ಚಿದರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಒಂದು ದಿನ ಫೌಸ್ತೀನೊನನ್ನು ತಾನೇ ಅಡ್ಡಗಟ್ಟಿದಳು.

"ನಾ ಏನೂ ಹೇಳ್ಲಿಲ್ಲ ಅಣ್ಣ."

"ಅಷ್ಟೊತ್ತು ಒಳಗೆ ಏನ್ ಮಾಡ್ದೆ ಮತ್ತೆ?"

"ರೊಟ್ಟಿ ಕೊಟ್ಟ. ತಿಂದೆ."

"ಸ್ವಾಮೀನ ಹಿಡ್ಕೊಟ್ಟ ಯೂದನಿಗೆ ಬೆಳ್ಳಿ ನಾಣ್ಯ ಕೊಟ್ಟಿದ್ರಂತೆ," ಮುದುಕ ನೆಲಕ್ಕೆ ಉಗಿದ. "ನೀನು ರೊಟ್ಟಿಗೇ ಬಿದ್ದೆ."

ಅವನ ಬೆನ್ನು ನೋಡುತ್ತ ನಿಂತಿದ್ದಾಗ ಅವಳಿಗೂ ಒಂದು ಅನುಮಾನ ಹುಟ್ಟಿತು. ಹಿತ್ತಲು ಯಾರದು? ಇವನದೇ. ಲೆಟ್ಯೂಸ್ ಹೊಲದ ಕಥೆ ಇವನಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಹೇಗೆ? ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ನೆನೆದು ತೂಗಿದಳು. ಕಡೆಗೆ ತನ್ನ ಬಾಯಿಂದ ಹೊರಟ 'ಚೆನ್ನಾಗಾಯ್ತು' ಅನ್ನುವುದೇ ಉಳಿದುಕೊಂಡಿತು.

ಸಂಜೆ ಎಲೋಯ್ನಾಳ ಮನೆಗೆ ಹೋದಳು. ಎಲೋಯ್ನಾ ಜಾಲರಿ ಬಾಗಿಲು ತೆಗೆಯಲಿಲ್ಲ. ಅವಳ ಉಸಿರು ಜಾಲರಿಯಾಚೆಯಿಂದಲೇ ಕೇಳುತ್ತಿತ್ತು.

"ನಾ ಇಟ್ಟಿದ್ದಲ್ಲ ಕಣೆ."

"ನನ್ ಕೋಟಿನ ಪಕ್ಕ ಯಾರ್ ಕೋಟಿತ್ತಕ್ಕ?"

"ನಂದು."

"ಈಗ ಕುರ್ಚಿ ಮೇಲೆ ಕುಂತಿರೋರು ಯಾರು?"

ಸೆನಾಯ್ದಾ ಮೆಟ್ಟಿಲಿಂದ ಒಂದು ಹೆಜ್ಜೆ ಕೆಳಗಿಳಿದಳು.

"ನೀನಲ್ಲ ಅಂತ ನಂಬಕ್ಕೆ ನಂಗೂ ಆಸೆ ಐತೆ," ಅಂದಳು ಎಲೋಯ್ನಾ. ಆಮೇಲೆ ಒಳಗಿನ ಬಾಗಿಲನ್ನೂ ಹಾಕಿಕೊಂಡಳು.

ಯೂನಿಯನ್ ಬೇಕೋ ಬೇಡವೋ ಎಂಬ ಮತದಾನದ ಹಿಂದಿನ ದಿನ ಯಂತ್ರ ನಿಲ್ಲಿಸಿ ಎಲ್ಲರನ್ನೂ ಊಟದ ಮನೆಯಲ್ಲಿ ಸೇರಿಸಿದರು. ಗಿಲ್ಬೆರ್ತೊ ಮೈಕು ಹಿಡಿದು ನಿಂತ. ಯೂನಿಯನ್ನಿನವರು ದಳ್ಳಾಳಿಗಳು, ಕಂಪನಿ ಒಂದು ಸಂಸಾರ, ಸಂಸಾರದ ಜಗಳಕ್ಕೆ ಹೊರಗಿನವರು ಯಾಕೆ ಅಂದ. ಕೊನೆಗೆ ಕೈ ಚಾಚಿದ.

"ನಮ್ಮ ಸೆನಾಯ್ದಾ ಅಕ್ಕನ್ನೇ ಕೇಳಿ. ಬಾ ಅಕ್ಕ. ಕಂಪನಿ ನಿನ್ನ ಹೆಂಗೆ ನೋಡ್ಕೊಂಡಿದೆ, ಹೇಳು."

ಅವಳು ಎದ್ದು ಮುಂದೆ ಹೋದಳು. ಮೈಕು ತೆಗೆದುಕೊಳ್ಳಲಿಲ್ಲ.

"ಅವತ್ತು ಇವನು ನನ್ನ ಏನೂ ಕೇಳ್ಲಿಲ್ಲ," ಅಂದಳು. "ನನ್ ಹತ್ರ ಏನೂ ಬೇಕಿರ್ಲಿಲ್ಲ ಇವನಿಗೆ. ನಿಮಗೆ ತೋರ್ಸಕ್ಕೆ ಕೂರಿಸ್ಕೊಂಡಿದ್ದ. ನೀವು ನೋಡಿದ್ರಿ. ಅಷ್ಟಕ್ಕೇ ಆಗೋಯ್ತು ಅವನ ಕೆಲ್ಸ."

"ಅಕ್ಕ, ಸಾಕು," ಅಂದ ಗಿಲ್ಬೆರ್ತೊ, ನಗುತ್ತಲೇ.

"ಆ ಭಾನುವಾರ ಜ್ಞಾನಸ್ನಾನ ಇರ್ಲಿಲ್ಲ. ಯೂನಿಯನ್ ಸಭೆ ಇತ್ತು. ನಾನೂ ಹೋಗಿದ್ದೆ, ನಾನೂ ಸಹಿ ಹಾಕಿದೀನಿ. ನಾಳೆ ವೋಟೂ ಅದಕ್ಕೇ ಹಾಕ್ತೀನಿ."

ಹಿಂದಿನ ಬೆಂಚಿನಿಂದ ಫೌಸ್ತೀನೊನ ಮಾತು ಕೇಳಿತು. ಅವನು ಪಕ್ಕದವನಿಗೆ ಹೇಳಿದ್ದು.

"ಇದನ್ನೂ ಅವನೇ ಹೇಳ್ಕೊಟ್ಟಿರ್ಬೇಕು. ಯಾರ್ಯಾರು ತಲೆ ಆಡಿಸ್ತಾರೆ ಅಂತ ನೋಡಕ್ಕೆ."

ಯಾರ ತಲೆಯೂ ಆಡಲಿಲ್ಲ.

ರೊಹೇಲಿಯೊ ಅವಳ ರಟ್ಟೆ ಹಿಡಿದು ಗೇಟಿನವರೆಗೆ ಎಳೆದೊಯ್ದ. "ನಾಯಿಮುಂಡೆ, ಆರಾಮಾಗಿ ಕುಂತಿದ್ದೆಯಲ್ಲೇ," ಅಂದ. ಬೈಯುವುದಕ್ಕಿಂತ ಹೆಚ್ಚಾಗಿ ಅವನಿಗೆ ಆಶ್ಚರ್ಯವೇ ಆಗಿದ್ದಂತಿತ್ತು.

ಗೇಟಿನಾಚೆ ಎಲೋಯ್ನಾ ಮತ್ತು ಉಳಿದಿಬ್ಬರು ರಟ್ಟಿನ ಫಲಕ ಹಿಡಿದು ನಿಂತಿದ್ದರು. ಅವಳನ್ನು ಕಂಡದ್ದೇ ಮಾತು ನಿಲ್ಲಿಸಿದರು.

"ನನ್ನೂ ಕಿತ್ತಾಕಿದ್ರು," ಅಂದಳು ಸೆನಾಯ್ದಾ.

"ಹೌದಾ," ಅಂದಳು ಎಲೋಯ್ನಾ. ಫಲಕವನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದಳು. ಜೊತೆಯವಳು ಅವಳ ಕಿವಿಯಲ್ಲಿ ಏನೋ ಅಂದಳು.

ಸೆನಾಯ್ದಾ ಹತ್ತಿರ ಹೋಗಲಿಲ್ಲ. ಸ್ವಲ್ಪ ದೂರದಲ್ಲಿ, ಅವರು ಮುಖ ಮಾಡಿದ ಕಡೆಗೇ ಮುಖ ಮಾಡಿ ನಿಂತಳು. ಒಳಗಿನಿಂದ ಮಾಲು ತುಂಬಿದ ಲಾರಿ ಹೊರಟಿತು. ಗೇಟು ತೆರೆಯಿತು. ಅವಳು ರಸ್ತೆಗಿಳಿದು ಅದರ ಮುಂದೆ ನಿಂತಳು.

ಚಾಲಕ ಹಾರ್ನ್ ಒತ್ತಿದ. ತಲೆ ಹೊರಗೆ ಹಾಕಿ, "ಸಾಯ್ತೀಯೇನೇ ಮುದುಕಿ," ಅಂದ. ಲಾರಿ ಗುರುಗುಟ್ಟಿ ಒಂದಡಿ ಮುಂದೆ ಬಂತು. ಅದರ ಬಿಸಿ ಅವಳ ಮುಖಕ್ಕೆ ಹೊಡೆಯಿತು.

ಆಗ ಹಿಂದಿನಿಂದ ಜಲ್ಲಿಕಲ್ಲಿನ ಮೇಲೆ ಹೆಜ್ಜೆಯ ಸಪ್ಪಳ ಕೇಳಿತು. ಆ ಮೂವರು ಜೊತೆಗೆ ನಿಲ್ಲಲು ಬರುತ್ತಿದ್ದಾರೋ, ಹಿಡಿದು ಎಳೆದುಹಾಕಲು ಬರುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಲೂ ಇಲ್ಲ. ಲಾರಿಯ ಮೂತಿಯ ಮೇಲೆ ಎರಡೂ ಅಂಗೈ ಊರಿದಳು.