ಮಂಜು ಹಿಂಡಿ ಕುಡಿದವರು

"ಇಲ್ಲದ ಮುತ್ತಜ್ಜನ್ನ ಎಲ್ಲಿಂದ ತರ್ಲಿ?"

ಕರೀಮಸಾಬ ಯಾರನ್ನೂ ಕೇಳಿದ್ದಲ್ಲ. ಸವಣೂರಿನ ತನ್ನ ಮನೆಯ ಪಡಸಾಲೆಯಲ್ಲಿ ಅವನೊಬ್ಬನೇ ನಮಾಜು ಮುಗಿಸಿ ಚಾಪೆ ಸುತ್ತುತ್ತಿದ್ದ. ಮೊಮ್ಮಗಳು ಅಫ್ಸಾನಾಳನ್ನು ನೋಡಲು ಬಂಕಾಪುರದವರು ಬರುವವರಿದ್ದರು. ಅವರನ್ನು ಕರೆತರಲು ಹೊರಟ ಮಗ ನಯೀಮ ಹೊಸ್ತಿಲಲ್ಲೇ ನಿಂತು ಹೇಳಿಹೋಗಿದ್ದ: "ನಮ್ಮ ಹಿರೇರು ಅರಬಸ್ತಾನದಿಂದ ಬಂದವ್ರು ಅಂದೇನಿ, ಅಬ್ಬಾ. ಆ ಮರಳುಗಾಡಿನ ಮಂದಿ ಹೆಸರಿನ ಸರ ನಿಮಗ ಬಾಯಿಪಾಠ ಐತಿ. ಕಡೀಕ ನಮ್ಮ ಮುತ್ತಜ್ಜನ್ನ ಪೋಣಿಸ್ರಿ. ಅವ್ರಿಗೇನ್ ತಿಳೀತದ?"

ಪ್ರಾಯದಲ್ಲಿ ಕರೀಮಸಾಬ ಒಮಾನದ ಬಯಲಿನಲ್ಲಿ ಒಂಟೆ ಕಾಯ್ದವನು. ಅಲ್ಲಿನ ಮೂಲದವರ ಮಾತು ಅರಬಿಯಲ್ಲ, ಅರಬಿ ಬರುವ ಮೊದಲಿನದು. ಬಾವಿಯಿಲ್ಲದ ಸೀಮೆ. ಕಡಲ ಕಡೆಯಿಂದ ಮಂಜು ಬಂದ ಮುಂಜಾವು ಮರಗಳಿಗೆ ಬಟ್ಟೆ ಹೊದಿಸಿ ಹಿಂಡಿ ಕುಡಿಯುತ್ತಿದ್ದರು. ಉಳಿದಂತೆ ಹಾಲೇ ನೀರು. ಒಂಟೆಗಳ ಯಜಮಾನ ಮುಸಲ್ಲಮ್ ಸಂಜೆ ತನ್ನ ಹಿರಿಯರ ಹೆಸರುಗಳನ್ನು ಹಾಡಿನಂತೆ ಹೇಳುತ್ತಿದ್ದ. ಹೆಸರಿಗೊಂದು ಮರ. ಸರದಲ್ಲಿದ್ದವನ ಮನೆತನಕ್ಕೇ ಆ ನೆರಳು, ಆ ಹನಿ. ಕುರ್‌ಆನನ್ನೂ ಕೇಳಿಯೇ ಕಲಿತಿದ್ದ ಕರೀಮಸಾಬನಿಗೆ ಆ ಸರವೂ ಕೇಳಿ ಕೇಳಿಯೇ ಬಾಯಿಗೆ ಬಂತು. ನೆಲದೆಣ್ಣೆ ತೆಗೆಯುವ ಕಂಪನಿಯವರು ಬಂದ ವರ್ಷ ಪಟ್ಟಣದವನೊಬ್ಬ ತನ್ನಜ್ಜನ ಹೆಸರನ್ನು ಸರದೊಳಗೆ ತೂರಿಸಿ ಅಧಿಕಾರಿಗಳ ಮುಂದೆ ಹೇಳಿದ. ಮರಗಳು ಅವನ ಪಾಲಾಗಿ ಬೇಲಿ ಬಿತ್ತು. ಮುಸಲ್ಲಮ್‌ನ ಮನೆಯವರು ನೀರಿನ ಲಾರಿಗೆ ಕಾಯುತ್ತ ಕೂತದ್ದನ್ನು ಕರೀಮಸಾಬ ಕಣ್ಣಾರೆ ಕಂಡಿದ್ದ.

ಬೀಗರು ಬಂದರು. ವರ ಮುಬಶೀರನನ್ನು ಅಫ್ಸಾನಾ ತಾನೇ ಮೆಚ್ಚಿದ್ದಳು; ಅಡ್ಡ ನಿಂತವನು ಅವನ ದೊಡ್ಡಪ್ಪ ಫಕ್ರುಸಾಬ. ಅವನಿಗೆ ಕುಲ ಮೊದಲು, ಹುಡುಗಿ ಆಮೇಲೆ.

"ಮೂಗು ನೋಡಿದ್ರ ಅರಬರದ್ದು ಅನಸೂದಿಲ್ಲಲ್ರಿ, ಸಾಬ್ರ!" ಅಂದ ಫಕ್ರುಸಾಬ.

"ವೀಳ್ಯದೆಲಿ ತೋಟದಾಗ ಬಗ್ಗಿ ಬಗ್ಗಿ ಮೊಂಡಾತ್ರಿ," ಕರೀಮಸಾಬ ಮೂಗು ಸವರಿಕೊಂಡ.

ಎಲ್ಲರೂ ನಕ್ಕರು. ನಯೀಮ ಮಾತ್ರ ಕೆಮ್ಮಿದ. "ಅಬ್ಬಾ, ಆ ಸರ ಹೇಳ್ರಿ."

ಕರೀಮಸಾಬ ಕಣ್ಣು ಮುಚ್ಚಿದ. ಹೆಸರು, ಮರ, ಹೆಸರು, ಮರ. ಒಂದಕ್ಷರ ತಿಳಿಯದಿದ್ದರೂ ಫಕ್ರುಸಾಬ ತಿಂಡಿಯ ತಟ್ಟೆಯೊಳಗಿನ ಕೈ ತೆಗೆದು ತಲೆಯ ಟೋಪಿ ಸರಿಮಾಡಿಕೊಂಡ. ಮುಸಲ್ಲಮ್‌ನ ಹೆಸರು ಬಂತು. ಅಲ್ಲಿಗೆ ದನಿ ನಿಂತಿತು.

"ನಿಮ್ಮವ್ರ ಹೆಸರು?" ಫಕ್ರುಸಾಬ ಮುಂದೆ ಬಾಗಿದ.

"ನಮ್ಮವ್ರು ಇದರಾಗಿಲ್ರಿ. ನಮ್ಮಜ್ಜ ಇದ ಊರಾಗ ಎಲಿಬಳ್ಳಿ ಕಟ್ಟತಿದ್ದ."

"ನಿಮ್ಮ ಮಗ ಹೇಳಿದ್ದು ಬ್ಯಾರೇನ ಐತೆಲ್ರಿ!" ಫಕ್ರುಸಾಬ ಎದ್ದು ಹೊರಡುವವನಂತೆ ಶಾಲು ಹೆಗಲಿಗೇರಿಸಿದ.

ಶರಬತ್ತಿನ ತಟ್ಟೆ ಹಿಡಿದು ಬಂದ ಅಫ್ಸಾನಾ ಅಜ್ಜನ ಮಗ್ಗುಲಲ್ಲಿ ಕೂತು, ಅವನಿಗಷ್ಟೇ ಕೇಳುವಂತೆ ಅಂದಳು: "ಮರೆತಿದ್ದೆ, ಈಗ ನೆನಪಾತು ಅನ್ರಿ, ದಾದಾ. ಒಂದ ಹೆಸರು. ನನ್ನ ಸಲುವಾಗಿ."

ಆಕೆಯ ಕೈಯ ಮದರಂಗಿ ಇನ್ನೂ ಹಸಿಹಸಿಯಾಗಿ ಘಮಿಸುತ್ತಿತ್ತು. ಆ ಕೈಯನ್ನು ಅವನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ.

"ಆ ಸರ ಇನ್ನೊಬ್ಬರ ನೀರು, ಅವ್ವ. ನಾ ಹೇಳೂದಿಲ್ಲ."