ತಿರುವಿ ನೋಡದ ಎಲೆ

ನಾನು ಹಿಮಾಲಯದ ಒಂದು ಕುರುಚಲು ಗಿಡ. ಭೂರ್ಜ ಮರಗಳೂ ಸೋತು ನಿಲ್ಲುವ ಎತ್ತರಕ್ಕಿಂತ ಮೇಲೆ, ಬಂಡೆಗಳ ಸಂದಿಯಲ್ಲಿ ಹುಟ್ಟಿದೆ. ಮನುಷ್ಯರ ಮೊಣಕಾಲು ದಾಟಿ ಬೆಳೆಯುವುದಿಲ್ಲ. ಬೆಳೆದರೆ ಗಾಳಿ ಬಿಡುವುದಿಲ್ಲ. ಚಳಿಗಾಲವಿಡೀ ಹಿಮದಡಿ ಇದ್ದರೂ ಹಸಿರಾಗಿಯೇ ಇರುತ್ತೇನೆ. ನನ್ನನ್ನು ಗುರುತಿಸುವುದು ಸುಲಭ. ಎಲೆ ಉಜ್ಜಿದರೆ ಗಾಢ ಪರಿಮಳ. ತಿರುವಿದರೆ ಅಡಿಯಲ್ಲಿ ಒತ್ತಾದ ಕಂದು ಹುರುಪೆ. ಅಲ್ಲಿನವರು ನನ್ನನ್ನು ಧೂಪಕ್ಕೆ ಒಯ್ಯುತ್ತಾರೆ.

ಒಮ್ಮೆ ಧಾರವಾಡದ ಕಡೆಯ ಸಸ್ಯಶಾಸ್ತ್ರದ ಪ್ರಾಧ್ಯಾಪಕ ವೃಷಭೇಂದ್ರ ಕುದರಿ ಬಂದರು. ಮಂಕಿ ಕ್ಯಾಪು, ಮೂರು ಸ್ವೆಟರು, ದಪ್ಪ ಗ್ಲೌಸು. ನೆಗಡಿಯಿಂದ ಮೂಗು ಕಟ್ಟಿತ್ತು. ನನ್ನ ಹೂವಿನ ಕಾಲ ಮುಗಿದಿತ್ತು. ನೋಡಿದ ಕೂಡಲೇ, "ಇದು ಹೊಸ ಜಾತಿ" ಎಂದರು.

ಜೊತೆಗಿದ್ದ ಸಂಶೋಧನಾ ವಿದ್ಯಾರ್ಥಿನಿ ಶಾಂಭವಿ ದೇಸನೂರ ಹೇಳಿದಳು, "ಸರ, ಗ್ಲೌಸ್ ತಗದು ಎಲಿ ತಿಕ್ಕಿ ನೋಡ್ರಿ. ವಾಸನಿ ಬರತೈತಿ."

"ನನ್ನ ಬೆರಳು ಸೆಟೆದು ಉದುರಿದರ ನೀ ಅಂಟಸ್ತೀಯೇನು?"

ನನ್ನ ಒಂದು ರೆಂಬೆ ಕತ್ತರಿಸಿ, ಒತ್ತಿ ಒಣಗಿಸಿ, ಊರಿಗೆ ಒಯ್ದು ದಪ್ಪ ಹಾಳೆಗೆ ಅಂಟಿಸಿದರು; ಆ ರೆಂಬೆಯಲ್ಲೇ ನಾನೂ ಬಂದೆ. ಹೀಗೆ ಅಂಟಿಸುವಾಗ ಒಂದೆರಡು ಎಲೆಗಳನ್ನಾದರೂ ಮಗುಚಿ ಅಡಿಭಾಗ ಕಾಣಿಸಬೇಕು. ಅದು ಆ ವಿದ್ಯೆಯ ಮೊದಲ ಪಾಠ. ಅಂದ ಕೆಡುತ್ತದೆಂದು ಕುದರಿಯವರು ಎಲ್ಲವನ್ನೂ ಮುಖ ಮೇಲಾಗಿ ಅಂಟಿಸಿದರು. ಲೇಖನದಲ್ಲಿ 'ಎಲೆಯ ಅಡಿ ನುಣುಪು' ಎಂದು ಬರೆದರು. ನೋಡದೆ ಬರೆದರು.

"ಕೆಳಗ ನಿನ್ನ ಹೆಸರೂ ಹಾಕೇನಿ, ಸಹಿ ಮಾಡು."

"ಬ್ಯಾಡ್ರಿ ಸರ. ಅಡಿ ಕಂದು ಐತಿ, ಇದು ಹಳೇ ಜಾತೀನ. ನಾ ಅಲ್ಲೇ ನೋಡೇನಿ."

"ಹಂಗಾರ ನಿನ್ನ ಪ್ರಬಂಧಕ್ಕ ನನ್ನ ಸಹೀನೂ ಇಲ್ಲ."

ಅವಳು ಬೇರೆ ಮಾರ್ಗದರ್ಶಕರನ್ನು ಹುಡುಕಿ ಮೊದಲಿನಿಂದ ಶುರುಮಾಡಿದಳು. ಕುದರಿಯವರಿಗೆ ಶಾಲು, ಹಾರ. ಅವರು ಬಂದ ಅತಿಥಿಗಳಿಗೆಲ್ಲ ನನ್ನನ್ನು ತೋರಿಸಿದರು. ಅತಿಥಿಗಳು ಹಾಳೆಯ ಅಂದವನ್ನು ಹೊಗಳಿ ಚಹಾ ಕುಡಿದು ಹೋದರು. ಬೆಟ್ಟದಲ್ಲಿ ಆಡು ಕೂಡ ತಿನ್ನುವ ಮೊದಲು ನನ್ನನ್ನು ಮೂಸಿ ನೋಡುತ್ತಿತ್ತು.

ಅಂಟು ಮನುಷ್ಯರಷ್ಟು ಹಟಮಾರಿಯಲ್ಲ. ವರ್ಷಗಳು ಕಳೆದು ಒಣಗಿತು. ಕುದರಿಯವರ ಬೀಳ್ಕೊಡುಗೆಯ ಪ್ರದರ್ಶನಕ್ಕೆಂದು ನನ್ನನ್ನು ತೆಗೆದಾಗ ಒಂದು ಎಲೆ ಕಳಚಿ ಮಗುಚಿಬಿತ್ತು. ಕಂದು ಹುರುಪೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗೋಂದಿನ ಬಾಟಲಿ ತೆರೆದರು.

ಆ ಹೊತ್ತಿಗೆ ಅವರದೇ ಕಾಲೇಜಿನಲ್ಲಿ ಸಸ್ಯಸಂಗ್ರಹ ನೋಡಿಕೊಳ್ಳುತ್ತಿದ್ದ ಶಾಂಭವಿ ಬಾಗಿಲಲ್ಲಿ ನಿಂತಿದ್ದಳು.

"ಉದುರಿದ್ದನ್ನ ಅಂಟಸೂ ಹಂಗಿಲ್ಲ, ಸರ. ಕೊಡ್ರಿ."

"ಇವತ್ತೊಂದಿನ ಬಿಡವಾ. ಮರ್ಯಾದಿ ಪ್ರಶ್ನೆ."

"ಯಾರ ಮರ್ಯಾದಿರಿ? ಗಿಡದ್ದೇನು?"

ಅವರು ಕೊಟ್ಟರು. ಅವಳು ಎಲೆಯನ್ನು ಸಣ್ಣ ಕಾಗದದ ಲಕೋಟೆಯಲ್ಲಿಟ್ಟು ಹಾಳೆಯ ಮೂಲೆಗೆ ಸಿಕ್ಕಿಸಿದಳು. ಚೀಟಿಯೊಂದರಲ್ಲಿ ನನ್ನ ಸರಿಯಾದ ಹೆಸರು ಬರೆದು, ಅಂದು ಮಾಡದ ಸಹಿಯನ್ನು ಅದರಡಿ ಮಾಡಿ ಅಂಟಿಸಿದಳು.

ಈಗ ನಾನು ಕಪಾಟಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿದ್ದೇನೆ. ಹಳೆಯ ಚೀಟಿಯನ್ನು ಕೀಳಬಾರದೆಂಬುದು ಇಲ್ಲಿನ ನಿಯಮ. ಹಾಗಾಗಿ ಕುದರಿಯವರ 'ಹೊಸ ಜಾತಿ'ಯೂ ಅವರ ದಪ್ಪಕ್ಷರದ ಸಹಿಯೂ ನನ್ನ ಪಕ್ಕದಲ್ಲೇ ಇವೆ. ಇರಲಿ. ಯಾವುದು ತಪ್ಪೆಂದು ಲಕೋಟೆ ಬಿಚ್ಚಿದವರಿಗೆ ತಿಳಿಯುತ್ತದೆ. ಗ್ಲೌಸು ಮಾತ್ರ ತೆಗೆಯಬೇಕು.