ಜೋಡಿನಳಿಗೆ ಕೋವಿ

ಗೇಟಿನ ಚಿಲಕ ಮಂಜಿಗೆ ಹೆಪ್ಪುಗಟ್ಟಿತ್ತು. ವಿನೋದಿನಿ ಬೂಟುಗಾಲಿನಿಂದ ಒದ್ದಳು, ಮತ್ತೊಮ್ಮೆ ಒದ್ದಳು, ಆಮೇಲೆ ತೆರೆಯಿತು. ಅವಳ ತೋಳಿನ ಮೇಲೆ ಕ್ಯಾನ್ವಾಸ್ ಚೀಲದಲ್ಲಿ ಗಂಡನ ಕೋವಿ ಇತ್ತು. ಹಿಂದೆ ರಸ್ತೆಯಲ್ಲಿ ನಿಂತ ಕಪ್ಪು ಕಾರಿನಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಗಂಡನಿದ್ದ.

"ಅಮ್ಮ, ಡಬ್ಲಿನ್‌ನಲ್ಲಿ ಸ್ಲಾಟ್ ಮಿಸ್ ಆಗತ್ತೆ. ಪ್ಲೀಸ್," ಎಂದಳು ಮಗಳು ತನ್ವಿ. ಅವಳ ಕೈಯಲ್ಲಿ ಫೋನಿತ್ತು. ವಿರಾಜಪೇಟೆಯಿಂದ ದೊಡ್ಡಪ್ಪ ಮುತ್ತಣ್ಣ ವಿಡಿಯೋದಲ್ಲಿ ನೋಡುತ್ತಿದ್ದರು.

"ನಿಮ್ಮಪ್ಪ ಬದುಕಿದ್ದಾಗ ಯಾವತ್ತು ಟೈಮಿಗೆ ಹೋಗಿದ್ರು? ಇವತ್ತೂ ಕಾಯಲಿ ಬಿಡು."

ತಾವಿದ್ದ ಊರು ಅತ್ಲೋನ್‌ನಿಂದ ಡಬ್ಲಿನ್ ಚಿತಾಗಾರಕ್ಕೆ ಹೋಗುವ ದಾರಿ ಇದಲ್ಲ. ಆದರೂ ಬೆಳಿಗ್ಗೆ ಅವಳು ಡ್ರೈವರನ ಪಕ್ಕ ಕೂತು, ಇಲ್ಲಿ ಎಡಕ್ಕೆ, ಇಲ್ಲಿ ಬಲಕ್ಕೆ ಎನ್ನುತ್ತಾ ಶವದ ಕಾರನ್ನು ಗಂಡನ ಬೇಟೆಯ ಗೆಳೆಯ ಡೋನಲ್‌ನ ಜಮೀನಿಗೆ ತಿರುಗಿಸಿಕೊಂಡು ಬಂದಿದ್ದಳು. ಗಂಡ ತಿಮ್ಮಯ್ಯ ವರ್ಷಗಟ್ಟಲೆ ಜಿಂಕೆ ಬೇಟೆಯಾಡಿದ್ದು ಈ ಜಮೀನಿನಲ್ಲೇ. ಅಂತ್ಯಕ್ರಿಯೆಗೆ ಹತ್ತು ಜನ ಮೀರುವಂತಿಲ್ಲ ಎಂಬ ಲಾಕ್‌ಡೌನಿನ ಜನವರಿ ಅದು.

ಬೇಲಿಯ ಬದಿಯಲ್ಲಿ ಡೋನಲ್ ಟೋಪಿ ತೆಗೆದು ನಿಂತಿದ್ದ. ಅವನ ಪಕ್ಕದಲ್ಲಿ ಪೊಲೀಸ್ ಠಾಣೆಯ ಸಾರ್ಜೆಂಟ್.

"ಲೈಸೆನ್ಸ್ ಅವರ ಹೆಸರಲ್ಲಿತ್ತು, ಮಿಸೆಸ್," ಎಂದ ಸಾರ್ಜೆಂಟ್ ಮೆಲ್ಲಗೆ. "ಅವರು ಹೋದ ಮೇಲೆ ಅದೂ ಹೋಯಿತು. ಕೋವಿ ನನ್ನ ಜೊತೆ ಸ್ಟೇಷನ್ನಿಗೆ ಬರಬೇಕು."

"ಬರತ್ತೆ. ಅವರ ಕೆಲಸ ಮುಗಿಸ್ಕೊಂಡು ಬರತ್ತೆ."

"ನೀವು ಹಾರಿಸಿದರೆ ನಾನು ಕೇಸು ಬರೆಯಬೇಕಾಗುತ್ತೆ."

"ಬರೀರಿ. ಹೆಸರಿನ ಸ್ಪೆಲಿಂಗ್ ನಾನೇ ಹೇಳ್ತೀನಿ."

ಡೋನಲ್ ಕೆಮ್ಮಿ ನಗು ನುಂಗಿಕೊಂಡ. "ನನ್ನ ಬಂದೂಕಿದೆ, ವಿನೋ. ನಾನು ಹಾರಿಸ್ತೀನಿ. ಅವನು ಬೇಜಾರು ಮಾಡ್ಕೊಳ್ಳಲ್ಲ."

"ನಿನಗೆ ಕಳ್ಕೊಳ್ಳೋಕೆ ಲೈಸೆನ್ಸ್ ಇದೆ ಡೋನಲ್. ನನ್ನ ಹತ್ರ ಏನಿದೆ?"

ಫೋನಿನಿಂದ ಮುತ್ತಣ್ಣ ಕೂಗಿದರು. "ವಿನೋದಿನಿ, ನೀನು ಬೆಂಗಳೂರವಳು. ದೀಪಾವಳಿ ಪಟಾಕಿಗೇ ಕಿವಿ ಮುಚ್ಕೋತಿದ್ದೆ. ಅದು ಆನೆ ಹೊಡೆಯೋ ಕೋವಿ. ಬೇಡಮ್ಮ."

"ಭಾವ, ನೀವು ಸುಮ್ಮನೆ ನೋಡ್ತಾ ಇರಿ."

*

ಆ ಕೋವಿ ಮನೆಗೆ ಬಂದ ದಿನ ಅವಳು ತಿಮ್ಮಯ್ಯನ ಜೊತೆ ಮಾತು ಬಿಟ್ಟಿದ್ದಳು. ಸೋಫಾ ನೋಡಿ ಬರುತ್ತೇನೆಂದು ಹೊರಟವನು ಹರಾಜಿನಿಂದ ಉದ್ದನೆಯ ತೊಗಲಿನ ಪೆಟ್ಟಿಗೆ ಹೊತ್ತು ತಂದಿದ್ದ.

"ನೂರು ವರ್ಷದ ಮೇಲಾಗಿದೆ ವಿನೂ. ಡಬ್ಲಿನ್‌ನಲ್ಲಿ ಹುಟ್ಟಿ, ಯಾವನೋ ದೊರೆ ಜೊತೆ ನಮ್ಮ ಕಡೆ ಕಾಡಿಗೆ ಹೋಗಿ, ವಾಪಸ್ ಬಂದಿದೆ. ಈ ಕೆತ್ತನೆ ನೋಡು."

"ಅದರ ಮೇಲೆ ಕೂತ್ಕೊಂಡು ಟೀವಿ ನೋಡಕ್ಕಾಗತ್ತಾ?"

ಅವನು ಕಾರ್ಖಾನೆಯಲ್ಲಿ ಆಸ್ಪತ್ರೆಯ ಯಂತ್ರಗಳಿಗೆ ಬಿಡಿಭಾಗ ಮಾಡಿಸುವವನು. ಎಲ್ಲರೂ ಮರೆಯುವಂಥ ಮೆತ್ತನೆಯ ಮನುಷ್ಯ. ಭಾನುವಾರ ಮಾತ್ರ ಬೇರೆ. ಇಂಥ ಮೂರು ಕೋವಿಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಹರಡಿ, ಎಣ್ಣೆಬಟ್ಟೆಯಿಂದ ಒರೆಸುತ್ತಾ, ಅವುಗಳ ವಂಶಾವಳಿ ಹೇಳುತ್ತಿದ್ದ. ಬೇಟೆಯ ಮಾಂಸಕ್ಕೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ. ಹಿತ್ತಿಲಿನ ಶೆಡ್ಡಿನಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು, ಊರಿಂದ ತಂದ ಕಾಚಂಪುಳಿಯ ಹುಳಿ ಹಾಕಿ ಬೇಯಿಸುತ್ತಿದ್ದ. ಡೋನಲ್ ಮತ್ತು ಬೇಟೆಯ ಗೆಳೆಯರು ಅದನ್ನು ಬೇಯಿಸಿದ ಆಲೂಗಡ್ಡೆಗೆ ಸುರಿದುಕೊಂಡು, ಮಳೆಯಲ್ಲೇ ನಿಂತು ತಿಂದು, ಗ್ರ್ಯಾಂಡ್, ಗ್ರ್ಯಾಂಡ್ ಎನ್ನುತ್ತಿದ್ದರು.

ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ, ಜಿಂಕೆಗಳು ಅದರಾಚೆ ಇದ್ದವು. ಬೇಸರಕ್ಕೆ ಅವನು ಅವಳ ಕೈಗೇ ಕೋವಿ ಕೊಟ್ಟು ಪಾಠ ಮಾಡಿದ. "ಎರಡು ನಳಿಗೆ, ಎರಡು ಟ್ರಿಗರ್. ಮೊದಲು ಮುಂದಿನದು, ಆಮೇಲೆ ಹಿಂದಿನದು. ಬೆರಳು ಜಾರಿ ಎರಡೂ ಒಟ್ಟಿಗೆ ಹೋದ್ರೆ ಭುಜ ನಿನ್ನದಲ್ಲ."

"ನಾನ್ಯಾಕೆ ಕಲೀಬೇಕು?"

"ನಾನು ಸತ್ತರೆ ಯಾರು ಹೊಡೀತಾರೆ?"

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಎರಡು ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಹೊರಟು ಬರುತ್ತಾರೆ. ಆಸ್ಪತ್ರೆಯಿಂದ ಕೊನೆಯ ಸಲ ಮಾತಾಡಿದಾಗಲೂ, ನರ್ಸ್ ಹಿಡಿದ ಟ್ಯಾಬ್ಲೆಟ್ಟಿನಲ್ಲಿ ಅವನ ಮುಖಕ್ಕಿಂತ ಮಾಸ್ಕೇ ದೊಡ್ಡದಾಗಿ ಕಾಣುತ್ತಿದ್ದಾಗ, ಅವನು ಎರಡು ಬೆರಳೆತ್ತಿ ತೋರಿಸಿದ್ದ. ಮೊದಲು ಮನೆಗೆ ಬನ್ನಿ ಎಂದು ಅವಳು ಬೈದಿದ್ದಳು. ಅವನು ಹೋದ ಮೇಲೂ ಸೋಂಕಿನ ಭಯಕ್ಕೆ ಆಸ್ಪತ್ರೆಯವರು ಮುಟ್ಟಗೊಡಲಿಲ್ಲ, ಮುಖ ನೋಡಗೊಡಲಿಲ್ಲ, ಅವನಿಷ್ಟದ ಅಂಗಿ ತೊಡಿಸಗೊಡಲಿಲ್ಲ. ಬೇಡ ಎನ್ನುವುದೆಲ್ಲವನ್ನೂ ಅವಳು ಆಸ್ಪತ್ರೆಯ ಆ ಎರಡು ವಾರದಲ್ಲೇ ಕೇಳಿ ಮುಗಿಸಿದ್ದಳು.

*

ಹೊಲದ ತುದಿಯಲ್ಲಿ ಎತ್ತರದ ಮಣ್ಣಿನ ದಿಬ್ಬವಿತ್ತು. ಅವಳು ಕೋವಿಯನ್ನು ಮಡಚಿ ತೆರೆದು, ಎರಡು ತೋಟಾ ತುಂಬಿ, ದಿಬ್ಬಕ್ಕೆ ಗುರಿಯಿಟ್ಟಳು. ಸಾರ್ಜೆಂಟ್ ಒಂದು ಹೆಜ್ಜೆ ಮುಂದೆ ಬಂದ. ಡೋನಲ್ ಅವನ ತೋಳು ಹಿಡಿದನೋ, ಅವನೇ ನಿಂತನೋ, ತನ್ವಿಗೆ ತಿಳಿಯಲಿಲ್ಲ.

ಭೂಮಿ ಬಿರಿದ ಹಾಗಾಯಿತು. ಹೊಗೆ ಸರಿದಾಗ ವಿನೋದಿನಿ ಒದ್ದೆ ಹುಲ್ಲಿನ ಮೇಲೆ ಕೂತಿದ್ದಳು.

"ಎರಡೂ ಒಟ್ಟಿಗೆ ಹೋದವು," ಎಂದ ಡೋನಲ್ ಓಡಿ ಬಂದು. "ಭುಜ ಅಲ್ಲಾಡಿಸು. ಮುರಿದಿಲ್ಲ ತಾನೆ?"

ಫೋನಿನಿಂದ ಮುತ್ತಣ್ಣನ ದನಿ ಕೇಳಿತು. "ಒಂದೇ ಶಬ್ದ ಬಂತಲ್ಲಮ್ಮ. ಯಾರ ಮನೇಲಿ ಗಂಡು ಮಗು ಆಯ್ತು?"

ವಿನೋದಿನಿ ನಕ್ಕಳು. ನಗು ನಿಲ್ಲಲಿಲ್ಲ, ತನ್ವಿ ಪಕ್ಕದಲ್ಲಿ ಕೂತು ಅವಳನ್ನು ಹಿಡಿದುಕೊಂಡಳು.

"ಸಾಕು ಅಮ್ಮ. ಇಟ್ಸ್ ಗ್ರ್ಯಾಂಡ್. ಅಪ್ಪಂಗೆ ಕೇಳ್ಸಿದೆ."

"ಆಯಿತಲ್ಲ, ಮಿಸೆಸ್," ಎಂದು ಸಾರ್ಜೆಂಟ್ ಕೈ ಚಾಚಿದ. "ಕೊಡಿ."

"ಎಲ್ಲಿ ಆಯ್ತು? ನಿಮಗೆ ಎಷ್ಟು ಕೇಳ್ಸ್ತು?"

ಸಾರ್ಜೆಂಟ್ ಕಾರಿನ ಕಡೆ ನೋಡಿದ. "ಒಂದು."

"ಕೇಸಲ್ಲಿ ಒಂದು ಅಂತ ಬರೀರಿ. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡಿ."

ಬಲತೋಳು ಮೇಲೇಳುತ್ತಿರಲಿಲ್ಲ. ತೋಟಾ ತುಂಬಿಸಲು ಮಗಳಿಗೆ ಹೇಳಿದಳು, ಒಂದೇ ನಳಿಗೆಗೆ. ತನ್ವಿ ಫೋನನ್ನು ಡೋನಲ್‌ನ ಕೈಗೆ ಕೊಟ್ಟು, ಅಪ್ಪನ ಕೋವಿಯನ್ನು ಮೊದಲ ಸಲ ಮುಟ್ಟಿದಳು. ತೋಟಾ ಇಟ್ಟು, ಕೋವಿ ಮುಚ್ಚಿ ಅಮ್ಮನಿಗೆ ಕೊಟ್ಟಳು. ವಿನೋದಿನಿ ಕೋವಿಯನ್ನು ಎಡಭುಜಕ್ಕೆ ಏರಿಸಿದಳು. ಮಗಳು ಹಿಂದೆ ನಿಂತು ಬೆನ್ನಿಗೆ ಬೆನ್ನು ಕೊಟ್ಟಳು.

ಈ ಸಲ ಇಬ್ಬರೂ ಬೀಳಲಿಲ್ಲ. ಶಬ್ದ ದಿಬ್ಬಕ್ಕೆ ಬಡಿದು, ಹೊಲ ದಾಟಿ, ಎಲ್ಲೋ ದೂರದಲ್ಲಿ ನಾಯಿಗಳನ್ನು ಎಬ್ಬಿಸಿತು. ಫೋನಿನ ಪರದೆಯಲ್ಲಿ ಮುತ್ತಣ್ಣನ ಖಾಲಿ ಕುರ್ಚಿ ಕಾಣಿಸುತ್ತಿತ್ತು, ಅವರು ಎದ್ದು ನಿಂತಿದ್ದರು.

ಕಾರು ನಿಧಾನವಾಗಿ ಹೊರಟಿತು. ವಿನೋದಿನಿ ಹತ್ತಲಿಲ್ಲ. ಬಾಯಿ ತೆರೆದ ಕೋವಿಯನ್ನು ಮೊಣಕೈ ಮೇಲೆ ಮಡಚಿ ಹಾಕಿಕೊಂಡು ಕಾರಿನ ಹಿಂದೆ ನಡೆದಳು. ರಸ್ತೆಯುದ್ದಕ್ಕೂ ಬಾಗಿಲುಗಳು ತೆರೆದವು. ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಒಬ್ಬಳು, ಅರ್ಧ ಬೋಳಿಸಿದ ಗಡ್ಡದಲ್ಲಿ ಸೋಪಿನ ನೊರೆಯೊಂದಿಗೆ ಒಬ್ಬ, ಚಪ್ಪಲಿಗಾಲಿನಲ್ಲಿ ಒಬ್ಬ ಮುದುಕ, ತಮ್ಮ ತಮ್ಮ ಗೇಟಿಗೆ ಬಂದು ನಿಂತರು. ಹತ್ತಕ್ಕಿಂತ ಎಷ್ಟೋ ಹೆಚ್ಚು ಜನ. ಒಂದು ನಳಿಗೆಯಿಂದ ಹೊಗೆಯ ಎಳೆ ಇನ್ನೂ ಏಳುತ್ತಿತ್ತು. ಸಾರ್ಜೆಂಟ್ ಯಾರನ್ನೂ ಲೆಕ್ಕ ಹಾಕದೆ, ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬರಿಗೈಯಲ್ಲಿ ಅವಳ ಹಿಂದೆ ನಡೆದ.